ಮೇಷ್ಟ್ರ ಕಾರಿಗೊಂದು ಗಾಳಿ ಪೈಪು

ಜನವರಿ 6, ಮಂಗಳವಾರ

ಮಗಳು ಕವನ ಹಾಸ್ಟೆಲ್ಲಿಗೆ ವಾಪಸ್ಸು ಹೋಗುವಾಗ ಈ ನೋಟ್‌ಬುಕ್ಕು ಬಿಟ್ಟುಹೋಗಿದ್ದಾಳೆ. ಅಜ್ಜಿಯ ಮೇಲೆ ರೇಗುವ ಬದಲು ಇದರಲ್ಲಿ ಬರೆದುಕೋ ಅಂತ ಬುದ್ಧಿ ಬೇರೆ ಹೇಳಿದಳು. ನರ್ಸಿಂಗ್ ಎರಡನೇ ವರ್ಷಕ್ಕೇ ಹೀಗೆ, ಮೂರನೇ ವರ್ಷಕ್ಕೆ ಬಂದರೆ ಹಿಡಿದು ಇಂಜೆಕ್ಷನ್ನೇ ಚುಚ್ಚುತ್ತಾಳೆ. ಇರಲಿ, ಬರೆಯುತ್ತೇನೆ. ರೇಗುವುದಕ್ಕೆ ಈ ಮನೆಯಲ್ಲಿ ನನಗೆ ಬೇಕಾದಷ್ಟಿದೆ.

ಬಾವನಿಗೆ ಲಕ್ವ ಹೊಡೆದು ಇವತ್ತಿಗೆ ಐವತ್ತೆಂಟು ದಿನ. ಬಾವ ಅಂದರೆ ನನ್ನ ಗಂಡ ಮಾದೇಶ. ಸೋದರತ್ತೆ ಮುದ್ದಮ್ಮನ ಮಗ. ನಮ್ಮೂರು ಹೆಮ್ಮಿಗೆಯಲ್ಲಿ ಲಂಗ ಹಾಕಿಕೊಂಡು ಓಡಾಡುವ ಕಾಲದಿಂದ ಬಾವ ಅಂತ ಕರೆದು ರೂಢಿ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಾಲಿಗೆ ಬದಲಾಗಿಲ್ಲ. ಕಾಲು ಸರಿಹೋಗಿದೆ, ನಡೆಯುತ್ತಾರೆ. ಬಲಗೈಯಲ್ಲಿ ಮಾತ್ರ ಹಿಡಿತವಿಲ್ಲ, ಲೋಟ ಹಿಡಿದರೆ ಜಾರಿ ಬೀಳುತ್ತದೆ. ಮಾತು ದಪ್ಪವಾಗಿ ನಿಧಾನವಾಗಿ ಬರುತ್ತದೆ. ಮನೆಯವರಿಗೆ ಎಲ್ಲಾ ಅರ್ಥವಾಗುತ್ತದೆ. ಆದರೆ ಹೊರಗಿನವರ ಎದುರು ಬಾಯಿ ಬಿಡುವುದಿಲ್ಲ. ಯಾರಾದರೂ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಹುಲ್ಲಹಳ್ಳಿ ರಸ್ತೆಯಲ್ಲಿರುವ ಇವರ ಗ್ಯಾರೇಜಿಗೆ ಅವತ್ತಿನಿಂದ ಬೀಗ. ಇದ್ದ ಒಬ್ಬ ಕೆಲಸಗಾರನೂ ಬೇರೆ ಕಡೆ ಸೇರಿಕೊಂಡ.

ಇವತ್ತು ಆ ಜಾಗದ ಯಜಮಾನರು ಕಾಂತರಾಜು ಬಂದಿದ್ದರು. ಒಳ್ಳೆಯ ಮನುಷ್ಯ, ಒರಟು ಮಾತಾಡಲಿಲ್ಲ. ಯಾರೋ ಟೈರ್ ಅಂಗಡಿಯವರು ಜಾಗ ಕೇಳುತ್ತಿದ್ದಾರಂತೆ. ಫೆಬ್ರವರಿ ಕೊನೆಯವರೆಗೆ ಕಾಯುತ್ತೇನೆ, ಮಾದೇಶ ಮತ್ತೆ ಕೆಲಸ ಶುರುಮಾಡುವುದಾದರೆ ಸಂತೋಷ, ಆಗದಿದ್ದರೆ ಬಿಟ್ಟುಕೊಡಲಿ, ಯಾವುದಾದರೂ ಸರಿ ಅವನ ಬಾಯಿಂದಲೇ ಹೇಳಲಿ ಅಂದರು. ಬಾವ ಗೋಡೆ ನೋಡುತ್ತಾ ಮಲಗಿದ್ದರು.

ಅವರು ಹೋದ ಮೇಲೆ ಏನು ಮಾಡೋಣ ಅಂತ ಕೇಳಿದೆ. "ಬಿಟ್ಬುಡು" ಅಂದರು. ಅಷ್ಟೇ. ಹತ್ತೊಂಬತ್ತು ವರ್ಷ ಆ ಗ್ಯಾರೇಜಿನ ಗ್ರೀಸನ್ನು ಇವರ ಅಂಗಿಯಿಂದ ಉಜ್ಜಿ ತೆಗೆದವಳು ನಾನು. ಬಿಟ್ಟುಬಿಡಬೇಕಂತೆ. ಅಳು ಬರಲಿಲ್ಲ, ಕೋಪ ಬಂತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಂದೆ.

ಜನವರಿ 9, ಶುಕ್ರವಾರ

ದೊಡ್ಡಸಿದ್ದಯ್ಯ ಮೇಷ್ಟ್ರು ನರಸೀಪುರದಿಂದ ಬಸ್ಸಿನಲ್ಲಿ ಬಂದಿದ್ದರು. ಬಾವನಿಗೆ ಹೈಸ್ಕೂಲಿನಲ್ಲಿ ಪಾಠ ಮಾಡಿದವರು, ಈಗ ರಿಟೈರ್ಡ್. ಅವರ ಇಪ್ಪತ್ತೈದು ವರ್ಷದ ಹಳೇ ಕಾರು ನವೆಂಬರಿನಿಂದ ನಮ್ಮ ಗ್ಯಾರೇಜಿನೊಳಗೆ ಧೂಳು ತಿನ್ನುತ್ತಿದೆ.

ಅದರ ಕಥೆ ಏನೆಂದರೆ, ಮೇಷ್ಟ್ರ ಮಗಳು ಸುನೀತಾ ಊಟಿಯಲ್ಲಿದ್ದಾಳೆ. ಅವಳನ್ನು ನೋಡಲು ಮಧ್ಯಾಹ್ನದ ಬಿಸಿಲಲ್ಲಿ ಘಾಟಿ ಹತ್ತುವಾಗ ಕಾರು ಏದುಸಿರು ಬಿಡುತ್ತದೆ. ಇಂಜಿನ್ನು ತನ್ನ ಪಕ್ಕದ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತಿದೆ, ಬಿಸಿ ಗಾಳಿ ತೆಳುವು, ಅದರಲ್ಲಿ ಶಕ್ತಿ ಇಲ್ಲ, ಒಲೆ ಮುಂದೆ ಕೂತು ಉಸಿರಾಡಿದ ಹಾಗೆ ಅಂತ ಬಾವ ಆಗ ವಿವರಿಸಿದ್ದರು. ಮುಂದಿನ ಮೂಲೆಯಿಂದ ತಣ್ಣನೆ ಗಾಳಿ ತರುವ ಹಾಗೆ ಒಂದು ಪೈಪು, ಅದಕ್ಕೆ ಇಂಜಿನ್ನಿನ ಝಳ ತಾಗದಂತೆ ಒಂದು ತಗಡಿನ ಗೋಡೆ, ಎರಡನ್ನೂ ಕೈಯಲ್ಲೇ ಮಾಡಿ ಕೂರಿಸಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಹೀಗಾಯಿತು.

ಕಾರನ್ನು ಮೈಸೂರಿಗೆ ತೆಗೆದುಕೊಂಡು ಹೋಗಿ ಮಾಡಿಸಿಕೊಳ್ಳಿ ಮೇಷ್ಟ್ರೇ ಅಂದೆ. "ನಂಗೇನು ಆತುರ ಇಲ್ಲ ಕಣಮ್ಮ. ನನ್ ಕಾರಿಗೂ ಇಲ್ಲ" ಅಂದರು. ಆಮೇಲೆ ಬಾವನ ಬೆನ್ನಿಗೆ ಅರ್ಧ ಗಂಟೆ ಮಾತಾಡಿದರು. ಕಬ್ಬಿನ ಲಾರಿ, ಬನ್ನೂರಿನ ಮಂಡಿನೋವಿನ ಡಾಕ್ಟರು, ಬಸ್ಸಿನಲ್ಲಿ ಸೀಟಿಗೆ ಕರ್ಚೀಫು ಹಾಕುವವರು. ಪಾಠ ಮಾಡಿ ಮಾಡಿ ಅಭ್ಯಾಸ, ಎದುರಿನವರು ಕೇಳುತ್ತಿದ್ದಾರೋ ಇಲ್ಲವೋ ಎಂಬ ಚಿಂತೆ ಅವರಿಗಿಲ್ಲ.

ಅವರು ಬಸ್ಸು ಹತ್ತಿದ ಮೇಲೆ ಬಾವ ಗೋಡೆ ನೋಡುತ್ತಲೇ, "ಪೈಪು ತಂದಿಟ್ಟಿದ್ದೆ. ಮ್ಯಾಲ್ಗಡೆ ಅದೆ" ಅಂದರು. ನಾನು ಕೇಳಿರಲಿಲ್ಲ, ತಾವಾಗಿಯೇ ಹೇಳಿದ್ದು. ಗ್ಯಾರೇಜಿನ ವಿಷಯವಾಗಿ ಈ ಅರವತ್ತು ದಿನದಲ್ಲಿ ತಾವಾಗಿ ಆಡಿದ ಮೊದಲ ಮಾತು.

ಜನವರಿ 12, ಸೋಮವಾರ

ಅರವತ್ತನಾಲ್ಕನೇ ದಿನ. ಹೊಲಿದ ಬ್ಲೌಸು ಗಿರಾಕಿಗೆ ಕೊಡಲು ಹೋಗುವ ನೆಪ ಮಾಡಿ ಗ್ಯಾರೇಜಿನ ಬೀಗ ತೆಗೆದೆ. ಒಳಗೆ ಹೋದರೆ ಬಾವನ ವಾಸನೆ. ಆಯಿಲ್ಲು, ಡೀಸೆಲ್ಲು, ಬೀಡಿ. (ಬೀಡಿ ಬಿಟ್ಟಿದ್ದೇನೆ ಅಂತ ನನಗೆ ಆಣೆ ಮಾಡಿದ್ದರು.) ಅಟ್ಟದ ಮೇಲೆ ಅಲ್ಯೂಮಿನಿಯಂ ಪೈಪು, ಪೈಪು ತಿರುಗಿಸಲು ಎರಡು ರಬ್ಬರ್ ಬೆಂಡು, ಗಾಳಿ ಸೋಸಲು ಐಸ್‌ಕ್ರೀಮ್ ಕೋನಿನ ಆಕಾರದ ಫಿಲ್ಟರು, ಎಲ್ಲಾ ಪೇಪರಿನಲ್ಲಿ ಸುತ್ತಿ ಇಟ್ಟಿದ್ದಾರೆ. ಕಾರಿನ ಬಾನೆಟ್ಟು ತೆಗೆದು ಫೋಟೋ ಹೊಡೆದುಕೊಂಡೆ.

ಮನೆಗೆ ಬಂದು ತೋರಿಸಿ, ನಾನೇ ಮಾಡುತ್ತೇನೆ, ನೀವು ಹೇಳಿಕೊಡಿ ಅಂದೆ. ಆಗಲ್ಲ ಅಂದರು. ಯಾಕಾಗಲ್ಲ ಅಂದರೆ ಇದೇನು ಬ್ಲೌಸಾ ಅಂದರು. ಹಾಗನ್ನಬಾರದಿತ್ತು. ನಂಜನಗೂಡಿನಲ್ಲಿ ಅರ್ಧ ಜನ ಹೆಂಗಸರು ನಾನು ಹೊಲಿದದ್ದನ್ನು ಹಾಕಿಕೊಂಡು ಓಡಾಡುತ್ತಾರೆ, ಒಬ್ಬೊಬ್ಬರ ಮೈ ಒಂದೊಂದು ಥರ. ಒಂದು ಇಂಜಿನ್ನಿನ ಮೈ ನನಗೆ ಅಳೆಯಲು ಬರುವುದಿಲ್ಲವೇ?

ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ್ದಕ್ಕೆ ನನಗೆ ಯಶೋಧರಾ ಅಂತ ಹೆಸರಿಟ್ಟರು. ಆ ಯಶೋಧರೆಯ ಗಂಡ ಹೇಳದೆ ಕೇಳದೆ ಮನೆ ಬಿಟ್ಟು ಹೊರಟ. ನಾನು ನನ್ನ ಗಂಡನನ್ನು ಒಂದು ಸಲ ಮನೆಯಿಂದ ಹೊರಡಿಸಲು ಇಷ್ಟು ಪಾಡು ಪಡುತ್ತಿದ್ದೇನೆ.

ಜನವರಿ 15, ಗುರುವಾರ

ಹಬ್ಬದ ಹನ್ನೆರಡು ಬ್ಲೌಸು ಮುಗಿಸಿ ಕೊಟ್ಟೆ. ಬೆನ್ನು ನೆಟ್ಟಗಾಗುವುದಿಲ್ಲ. ಬರೆಯಲು ಏನೂ ಇಲ್ಲ.

ಜನವರಿ 18, ಭಾನುವಾರ

ಎಪ್ಪತ್ತನೇ ದಿನ. ಶುರುಮಾಡಿದೆ. ನೀವು ಹೇಳಿಕೊಡದಿದ್ದರೂ ಬಿಚ್ಚುತ್ತೇನೆ ಅಂದ ಮೇಲೆ ಬಾವ ಮಣಿದರು.

ಹಳೇ ಫಿಲ್ಟರ್ ಡಬ್ಬ ಬಿಚ್ಚಬೇಕಿತ್ತು. ಬಾವ ಮಂಚದ ಮೇಲೆ ಕೂತು ಎಡಗೈಯಲ್ಲಿ ಪೇಪರಿನ ಮೇಲೆ ಚಿತ್ರ ಬರೆದುಕೊಟ್ಟರು, ಯಾವ ನಟ್ಟು ಮೊದಲು, ಯಾವುದು ಆಮೇಲೆ. ಒಂದನೇ ಕ್ಲಾಸಿನ ಮಗು ಕೋಳಿ ಬರೆದ ಹಾಗಿತ್ತು, ಆದರೂ ಗೊತ್ತಾಯಿತು. ಗ್ಯಾರೇಜಿಗೆ ಹೋಗಿ ಹಾಕಿದರೆ ಹತ್ತನೇ ನಂಬರ್ ಸ್ಪ್ಯಾನರಿಗೆ ನಾಲ್ಕು ನಟ್ಟೂ ಬಂದವು. ಬಿಚ್ಚಿದ್ದನ್ನೆಲ್ಲ ನನ್ನ ಗುಂಡಿ ಡಬ್ಬಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಇವರು ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವಾದರೂ ಹಾಗೆ ಮಾಡಿದ್ದರೆ ಆ ನೆಲದ ಮೇಲೆ ಅಷ್ಟು ನಟ್ಟು ಬಿದ್ದಿರುತ್ತಿರಲಿಲ್ಲ.

ಪೈಪು ಉದ್ದವಿತ್ತು. ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪಿನ ತುಂಡು ಮನೆಯಲ್ಲೇ ಇದೆ, ಕುಯ್ಯಲು ಸುಲಭ, ಅದನ್ನೇ ಹಾಕೋಣವಾ ಅಂತ ಫೋನಿನಲ್ಲಿ ಕೇಳಿದೆ. ಶಾಖಕ್ಕೆ ಸೊಟ್ಟಗಾಗುತ್ತದೆ ಅಂತ ಬಯ್ದರು. ಸರಿ, ಅಲ್ಯೂಮಿನಿಯಮ್ಮನ್ನೇ ಗರಗಸದಲ್ಲಿ ಕುಯ್ಯಬೇಕು. ಹಿಡಿದುಕೊಳ್ಳುವವರು ಯಾರು? ಜೊತೆಗೆ ಬಂದಿದ್ದ ಅತ್ತೆ ಪೈಪನ್ನು ಬೆಂಚಿನ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟರು. ಎಲೆ ಅಡಿಕೆ ಹಾಕಿಕೊಂಡು ಒಂದು ಗಂಟೆ ಕದಲಲಿಲ್ಲ. ಅಷ್ಟು ಗಟ್ಟಿ ಹಿಡಿತ ಯಾವ ಯಂತ್ರಕ್ಕೂ ಇಲ್ಲ. ಕುಯ್ದ ಅಂಚನ್ನು ಅರ ಹಾಕಿ ನುಣುಪು ಮಾಡಿದೆ. ಅಂಗೈಯಲ್ಲಿ ಎರಡು ಬೊಬ್ಬೆ.

ಜನವರಿ 24, ಶನಿವಾರ

ಎಪ್ಪತ್ತಾರನೇ ದಿನ. ಇದನ್ನು ಬರೆಯುವಾಗಲೂ ನಗು ಬರುತ್ತಿದೆ, ಮಾನವೂ ಹೋಗುತ್ತಿದೆ.

ತಗಡಿನ ಗೋಡೆ ಮಾಡುವುದು ನನ್ನ ವಿದ್ಯೆ ಅಂದುಕೊಂಡಿದ್ದೆ. ಬಾನೆಟ್ಟಿನೊಳಗೆ ಹೆಡ್‌ಲೈಟಿನ ಹಿಂದೆ ಒಂದು ಮೂಲೆ ಇದೆ. ಅಲ್ಲಿಗೆ ಪೇಪರ್ ಇಟ್ಟು ಒತ್ತಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಟೇಪಿನಲ್ಲಿ ಅಳೆದು, ಬ್ಲೌಸಿಗೆ ಕತ್ತರಿಸುವ ಹಾಗೇ ಪೇಪರ್ ಕಟಿಂಗ್ ಮಾಡಿದೆ. ಪೈಪು ತೂರುವ ಜಾಗಕ್ಕೆ ಕಂಕುಳಿನ ಶೇಪು ಸರಿಯಾಗಿ ಬಂತು. ಅದನ್ನು ತಗಡಿನ ಮೇಲಿಟ್ಟು, ತಗಡು ಕತ್ತರಿಯಲ್ಲಿ ಕತ್ತರಿಸಿದೆ. ಕೂರಿಸಲು ಹೋದರೆ ಎಲ್ಲಾ ಕಡೆ ಅರ್ಧ ಇಂಚು ಜಾಸ್ತಿ, ಒಳಗೇ ಹೋಗುವುದಿಲ್ಲ.

ಮನೆಗೆ ತಂದು ಬಾವನಿಗೆ ತೋರಿಸಿದೆ. ಅಳತೆ ಸರಿಯಾಗಿದೆಯಲ್ಲ, ಈ ಅರ್ಧ ಇಂಚು ಎಲ್ಲಿಂದ ಬಂತು ಅಂತ ಕೇಳಿದರು. ಒಳಗಡೆಗೆ ಬಿಟ್ಟಿದ್ದೀನಿ, ಆಮೇಲೆ ಬಿಗಿಯಾದರೆ ಬಿಚ್ಚಿಕೊಳ್ಳಬಹುದಲ್ಲ ಅಂದುಬಿಟ್ಟೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕತ್ತರಿ ಹಿಡಿದರೆ ಕೈ ತಾನಾಗಿ ಅಂಚು ಬಿಡುತ್ತದೆ.

ಬಾವ ನನ್ನನ್ನೇ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಜೋಡಿಸಿ ಕೇಳಿದರು, "ಮೇಷ್ಟ್ರ ಕಾರು... ಬಸುರಿ ಆಗ್ತದಾ?"

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ನಕ್ಕರು. ಬಾವನೂ ನಕ್ಕರು. ಬಾಯಿ ಒಂದು ಕಡೆ ಸೊಟ್ಟಗೆ ಹೋಗುತ್ತದೆ, ಕಣ್ಣಲ್ಲಿ ನೀರು, ನಿಲ್ಲಿಸಲು ಆಗುತ್ತಿಲ್ಲ. ನವೆಂಬರಿನಿಂದ ಈಚೆಗೆ ನಾನು ಕಂಡ ಮೊದಲ ನಗು. ನಾನು ಮುಖ ಊದಿಸಿಕೊಂಡು ಅಡಿಗೆಮನೆಗೆ ಹೋದೆ. ಎಷ್ಟು ಸಂತೋಷವಾಗಿತ್ತೆಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಜನವರಿ 27, ಮಂಗಳವಾರ

ಬಾವ ಗ್ಯಾರೇಜಿಗೆ ಬಂದರು.

ನಾನು ಕರೆಯಲಿಲ್ಲ. ನನ್ನ ಫೋಟೋಗಳನ್ನು ನೋಡಿ ನೋಡಿ ತಲೆ ಕೆಟ್ಟಿರಬೇಕು. ತಗಡಿನ ಫೋಟೋ ತೆಗೆ ಅಂದರೆ ನನ್ನ ಕಾಲು ಬೆರಳು ಬರುತ್ತದೆ. ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ಟವೆಲಿನಿಂದ ಬಾಯಿ ಮುಚ್ಚುವ ಹಾಗೆ ಸುತ್ತಿಕೊಂಡು. ಆಟೋದವನು ಎಲ್ಲಿಗೆ ಅಂದಾಗ ನನ್ನ ಕಡೆ ನೋಡಿದರು, ನಾನು ಹೇಳಿದೆ.

ಬಂದವರು ಸ್ಟೂಲಿನ ಮೇಲೆ ಕೂತು ತಗಡನ್ನು ತೊಡೆಯ ಮೇಲಿಟ್ಟು ತುಂಬಾ ಹೊತ್ತು ಎಡಗೈಯಲ್ಲಿ ಸವರಿದರು. ಆಮೇಲೆ ಹೇಳಿದ್ದು ಇಷ್ಟು: ಆ ಅರ್ಧ ಇಂಚನ್ನು ಕತ್ತರಿಸಬೇಡ, ಮಡಿಸು, ಮಡಿಸಿದ ಅಂಚಿಗೆ ತೂತು ಹಾಕಿ ಕಾರಿನ ಮೈಗೆ ಬೋಲ್ಟ್ ಮಾಡು, ಬೇರೆ ಕ್ಲಾಂಪೇ ಬೇಡ. ಅಂದರೆ ನನ್ನ ಒಳಹೊಲಿಗೆಯೇ ಉಪಯೋಗಕ್ಕೆ ಬಂತು. ಇದನ್ನು ಅವರ ಬಾಯಿಂದ ಹೇಳಿಸಲು ಎಷ್ಟು ಪ್ರಯತ್ನಪಟ್ಟರೂ ಹೇಳಲಿಲ್ಲ. ಬೆಂಚಿನ ಅಂಚಿಗಿಟ್ಟು ಮರದ ಸುತ್ತಿಗೆಯಲ್ಲಿ ತಟ್ಟಿ ಮಡಿಸಿದೆ. ಉಳಿದ ಅಂಚುಗಳಿಗೆ ಕೈ ಕುಯ್ಯದಂತೆ ರಬ್ಬರ್ ಪಟ್ಟಿ ಕೂರಿಸಬೇಕಂತೆ. ಬ್ಲೌಸಿನ ಕತ್ತಿಗೆ ಪೈಪಿಂಗ್ ಕೊಡುವುದು ಇದೇ, ಹತ್ತು ನಿಮಿಷದಲ್ಲಿ ಮುಗಿಸಿದೆ.

ಫೆಬ್ರವರಿ 1, ಭಾನುವಾರ

ಬಾವ ಬಲಗೈಯಲ್ಲಿ ಸ್ಪ್ಯಾನರ್ ಹಿಡಿಯಲು ಹೋದರು. ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಮೂರನೇ ಸಲ ಎಡಗೈಯಲ್ಲಿ ಎತ್ತಿ ಗೋಡೆಗೆ ಎಸೆದರು. ನಾನು ಕೂಗಾಡಿದೆ, ಅವರೂ ಕೂಗಾಡಿದರು. ಇಬ್ಬರೂ ಊಟ ಮಾಡಲಿಲ್ಲ. ಅತ್ತೆ, ಮಾಡಿದ ಮುದ್ದೆ ದಂಡವಾಗಬಾರದು ಅಂತ ಹೇಳಿ ನಮ್ಮಿಬ್ಬರ ಎದುರಿಗೇ ಕೂತು ಎರಡು ಉಂಡರು.

ಫೆಬ್ರವರಿ 4, ಬುಧವಾರ

ಬುಧವಾರ ಬಾವನಿಗೆ ಆಸ್ಪತ್ರೆಯಲ್ಲಿ ಕೈಯ ವ್ಯಾಯಾಮ. ಅತ್ತೆ ಕರೆದುಕೊಂಡು ಹೋದರು. ನಾನೊಬ್ಬಳೇ ಗ್ಯಾರೇಜಿನಲ್ಲಿದ್ದೆ. ತಗಡು ಬೋಲ್ಟ್ ಮಾಡಿ, ರಬ್ಬರ್ ಬೆಂಡು ಹಾಕಿ, ಕ್ಲಿಪ್ಪು ಬಿಗಿದು, ಪೈಪು ಕೂರಿಸಿದೆ. ಫಿಲ್ಟರು ಹೆಡ್‌ಲೈಟಿನ ಹಿಂದೆ ಮೇಲ್ಗಡೆ ಇರಲಿ ಅಂತ ಬಾವ ಹೇಳಿದ್ದರು. ಅಲ್ಲಿ ಇಟ್ಟರೆ ಸ್ವಲ್ಪ ಸೊಟ್ಟಗೆ ಕಂಡಿತು. ಬೆಂಡನ್ನು ತಿರುಗಿಸಿ ನಾಲ್ಕು ಇಂಚು ಕೆಳಗೆ, ಬಂಪರಿನ ಹಿಂದಕ್ಕೆ ಬಿಟ್ಟರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕೈಯಿಟ್ಟು ನೋಡಿದೆ, ಕೆಳಗೆ ಇನ್ನೂ ತಂಪು. ತಣ್ಣನೆ ಗಾಳಿ ತಾನೇ ಬೇಕಾದ್ದು? ಹಾಗೇ ಬಿಗಿದೆ. ಇದನ್ನೇನು ದೊಡ್ಡದಾಗಿ ಹೇಳುವುದು ಅಂತ ಬಾವನಿಗೆ ಹೇಳಲಿಲ್ಲ.

ಸ್ಟಾರ್ಟ್ ಮಾಡಿದೆ. ಹೊಸ ಸದ್ದು, ಗುಟುರು ಹಾಕಿದ ಹಾಗೆ. ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ.

ಫೆಬ್ರವರಿ 8, ಭಾನುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮೇಷ್ಟ್ರು ಬಂದು ಕಾರು ನೋಡಿ ತುಂಬಾ ಸಂತೋಷಪಟ್ಟರು. ಹುಲ್ಲಹಳ್ಳಿವರೆಗೆ ಹೋಗಿ ಬರೋಣ ಅಂದರು. ಅವರು ಡ್ರೈವಿಂಗು, ನಾನು ಪಕ್ಕದಲ್ಲಿ, ಬಾವ ಟವೆಲು ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ. ಕಾರು ಚೆನ್ನಾಗಿಯೇ ಎಳೆಯಿತು. ಹುಲ್ಲಹಳ್ಳಿ ಇನ್ನೇನು ಬಂತು ಅನ್ನುವಾಗ ರಸ್ತೆ ತುಂಬಾ ಹುರುಳಿ ಹರಡಿದ್ದರು. ಈ ತಿಂಗಳಲ್ಲಿ ಎಲ್ಲಿ ಹೋದರೂ ಇದೇ, ರಸ್ತೆಯೇ ಕಣ, ಬಸ್ಸು ಕಾರುಗಳೇ ಒಕ್ಕುವ ಎತ್ತುಗಳು. ಸುತ್ತಿ ಹೋಗಲು ಜಾಗವಿಲ್ಲ. ಅದರ ಮೇಲೇ ಹೋದೆವು. ಒಂದಾದ ಮೇಲೆ ಒಂದು, ಅರ್ಧ ಮೈಲಿ ಹುರುಳಿ.

ಕಾರು ಕೆಮ್ಮಿತು. ಮುಗ್ಗರಿಸಿತು. ಹುರುಳಿಯ ನಡುಮಧ್ಯೆ ನಿಂತೇಹೋಯಿತು. ಕೆಳಗಿನಿಂದ ಸೊಪ್ಪು ಸುಟ್ಟ ವಾಸನೆ. ಮೇಷ್ಟ್ರು ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸುತ್ತಿದ್ದರು. ಬಾವ ಹಿಂದಿನಿಂದ ಕೈಚಾಚಿ ಕೀ ಕಿತ್ತುಕೊಂಡರು, ಬಾಗಿಲು ತೆಗೆದು ಇಳಿದರು, ಆ ಜನರ ಮಧ್ಯೆಯೇ ರಸ್ತೆಯ ಮೇಲೆ ಮಲಗಿ ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯನ್ನು ಎಡಗೈಯಲ್ಲಿ ಎಳೆದು ಹಾಕಿದರು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಬಾನೆಟ್ಟು ತೆಗೆದು ಬೆರಳು ತೋರಿಸಿದರು. ನನ್ನ ಚೆಂದದ ಫಿಲ್ಟರಿನ ಮೇಲೆ ಹೊಟ್ಟು, ಧೂಳು, ಸಿಪ್ಪೆ, ಒಂದು ಬೆರಳು ದಪ್ಪ. ಕೆಳಗಿದ್ದ ಬಾಯಿ ಅಷ್ಟನ್ನೂ ಎಳೆದುಕೊಂಡು ಉಸಿರು ಕಟ್ಟಿಸಿಕೊಂಡಿತ್ತು.

ಹುರುಳಿಯವರು ಕೆಂಪಾಜಮ್ಮ ಅಂತ, ವಯಸ್ಸಾದವರು. ಬಯ್ಯಲಿಲ್ಲ, ಚೊಂಬಿನಲ್ಲಿ ನೀರು ತಂದುಕೊಟ್ಟರು. ಏನಾಯ್ತಪ್ಪ, ಎಲ್ಲಿಂದ ಬಂದ್ರಿ, ಕೈಗೇನಾಯ್ತು ಅಂತ ಬಾವನನ್ನೇ ಒಂದೊಂದಾಗಿ ಕೇಳಿದರು. ಬಾವ ಟವೆಲಿನೊಳಗೆ ಮುಖ ಇಳಿಸಿಕೊಂಡು ನಿಂತಿದ್ದರು. ಕೊನೆಗೆ ಆ ತಾಯಿ ನನ್ನ ಕಡೆ ತಿರುಗಿ, "ಅಯ್ಯೋ ಪಾಪ, ಮೂಗನಾ ಮಗಾ?" ಅಂದರು.

ಅಲ್ಲ ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಬಾವ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಗ್ಲಾಸು ಏರಿಸಿಕೊಂಡರು.

ಫೆಬ್ರವರಿ 9, ಸೋಮವಾರ

ಬಾವನಿಗೆ ನನ್ನ ಹತ್ತಿರವೂ ಮಾತಿಲ್ಲ. ಗೋಡೆ.

ಫೆಬ್ರವರಿ 11, ಬುಧವಾರ

ವ್ಯಾಯಾಮಕ್ಕೂ ಹೋಗಲಿಲ್ಲ. ಇನ್ನು ತಡೆಯಲಾಗಲಿಲ್ಲ, ಮಂಚದ ತುದಿಯಲ್ಲಿ ಕೂತು ಒಪ್ಪಿಕೊಂಡೆ. ಫಿಲ್ಟರ್ ಕೆಳಗಿಳಿಸಿದ್ದು ನಾನೇ, ನೀವು ಮೇಲೆ ಅಂದಿದ್ದಿರಿ, ಚೆನ್ನಾಗಿ ಕಾಣಲಿ ಅಂತ ಇಳಿಸಿದೆ, ಹೇಳಲಿಲ್ಲ, ತಪ್ಪಾಯಿತು ಅಂದೆ. ಕಾರು ಹೊತ್ತಿಕೊಂಡಿದ್ದರೆ ಅಂತ ನೆನೆಸಿಕೊಂಡು ಅತ್ತುಬಿಟ್ಟೆ.

ಬಾವ ಈ ಕಡೆ ತಿರುಗಿದರು. "ಗೊತ್ತಿತ್ತು. ಗುರುವಾರನೇ ನೋಡ್ದೆ."

ನೋಡಿದ್ದರೆ ಯಾಕೆ ಹೇಳಲಿಲ್ಲ ಅಂದೆ. ಚೆನ್ನಾಗಿ ಕೂರಿಸಿದ್ದೆಯಲ್ಲ ಅಂದರು. ಇಷ್ಟು ಮಾಡಿದವಳಿಗೆ ಬಿಚ್ಚು ಅನ್ನಲು ಮನಸ್ಸಾಗಲಿಲ್ಲವಂತೆ. ಭಾನುವಾರ ಹುರುಳಿ ಕಂಡ ಕೂಡಲೇ ನಿಲ್ಲಿಸಿ ಅನ್ನಬೇಕಿತ್ತಂತೆ. ಮೇಷ್ಟ್ರ ಎದುರು ಬಾಯಿ ಬರಲಿಲ್ಲವಂತೆ. ಆಮೇಲೆ ಹೇಳಿದರು, "ನೀ ಇಳ್ಸಿದ್ದಕ್ಕಲ್ಲ. ನಾ ಯೋಳ್ದೆ ಇದ್ದುದ್ಕೆ ಆದದ್ದು."

ಇಷ್ಟು ದೊಡ್ಡ ಮಾತು ಆಡಿ ಸುಸ್ತಾಗಿ ಕಣ್ಣು ಮುಚ್ಚಿಕೊಂಡರು. ನಾನು ಅವರ ಬಲಗೈ ಹಿಡಿದುಕೊಂಡು ಕೂತಿದ್ದೆ. ಮಷಿನ್ನಿನ ಮೇಲೆ ಮದುವೆ ಮನೆಯವರ ಬ್ಲೌಸು ಹಾಗೇ ಬಿದ್ದಿತ್ತು.

ಫೆಬ್ರವರಿ 14, ಶನಿವಾರ

ಎಲ್ಲಾ ಬಿಚ್ಚಿದೆ. ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದೆ. ಬೆಂಡನ್ನು ಮೇಲಕ್ಕೆ ತಿರುಗಿಸಿ, ತಗಡಿಗೆ ಕೆಳಗಡೆ ಒಂದು ತಳ ಸೇರಿಸಿ, ಮೂರು ಕಡೆ ಗೋಡೆಯ ಪೆಟ್ಟಿಗೆ ಮಾಡಿದೆ, ಹೆಡ್‌ಲೈಟಿನ ಪಕ್ಕದ ಸಂದಿಯಿಂದ ಮಾತ್ರ ಗಾಳಿ ಬರುವ ಹಾಗೆ. ತಳದ ತಗಡಿಗೂ ಅರ್ಧ ಇಂಚು ಬಿಟ್ಟೇ ಕತ್ತರಿಸಿದೆ, ಈ ಸಲ ಬೇಕೆಂದೇ.

ಬಾವ ಸ್ಟೂಲಿನ ಮೇಲೆ ಕೂತು ದಿನವಿಡೀ ಬಯ್ದರು. ಹಿಂದೆ ಕೆಲಸಗಾರನಿಗೆ ಬಯ್ಯುತ್ತಿದ್ದರಲ್ಲ, ಅದೇ ಬೈಗುಳ, ಸ್ವಲ್ಪ ನಿಧಾನವಾಗಿ. ಕ್ಲಿಪ್ಪನ್ನು ಅಷ್ಟು ಬಿಗಿಯಬೇಡ ರಬ್ಬರ್ ಕುಯ್ಯುತ್ತದೆ, ಬೋಲ್ಟನ್ನು ಮೊದಲು ಕೈಯಲ್ಲಿ ಹಿಡಿಸು ಆಮೇಲೆ ಸ್ಪ್ಯಾನರ್ ಹಾಕು, ಒಂದೇ ಕಡೆ ಬಿಗಿಯಬೇಡ ಎದುರುಬದುರು ಬಿಗಿ. "ಅದು ಗುಂಡಿ ಕಾಜಾ ಅಲ್ಲ ಕಣೇ, ತೂತು. ನೆಟ್ಟಗೆ ಕೊರಿ" ಅಂದರು. ನನಗೂ ಸಿಟ್ಟು ಬಂದು ಡ್ರಿಲ್ಲಿಂಗ್ ಮಷಿನ್ನು ಕೆಳಗಿಟ್ಟೆ. ಆಮೇಲೆ ಎತ್ತಿಕೊಂಡೆ, ಅವರು ಹೇಳಿದ್ದು ಸರಿಯಿತ್ತು.

ಫೆಬ್ರವರಿ 21, ಶನಿವಾರ

ಮೇಷ್ಟ್ರು ಬೇಕೆಂದೇ ಮಟಮಟ ಮಧ್ಯಾಹ್ನಕ್ಕೆ ಬಂದರು. ಈ ಸಲ ಬಾವ ಮುಂದಿನ ಸೀಟಿನಲ್ಲಿ, ನಾನೂ ಅತ್ತೆಯೂ ಹಿಂದೆ. ಚಾಮುಂಡಿ ಬೆಟ್ಟ ಹತ್ತಿದೆವು. ಮೊದಲಾಗಿದ್ದರೆ ಅರ್ಧಕ್ಕೇ ಫಸ್ಟ್ ಗೇರಿಗೆ ಇಳಿಯಬೇಕಿತ್ತಂತೆ, ಇವತ್ತು ಸೆಕೆಂಡಿನಲ್ಲಿ ಮೇಲಿನವರೆಗೂ ಹೋಯಿತು. ಮೇಷ್ಟ್ರು ಹಾಡು ಹೇಳಿಕೊಳ್ಳುತ್ತಿದ್ದರು. ಅತ್ತೆ ಪಕ್ಕದ ಕಾರಿನವರಿಗೆಲ್ಲ ಕೈ ಬೀಸಿದರು.

ಮೇಲೆ ನಿಲ್ಲಿಸಿ ಬಾನೆಟ್ಟು ತೆಗೆದೆ. ಇಂಜಿನ್ನಿನ ಕಡೆಯ ತಗಡು ಮುಟ್ಟಿದರೆ ಸುಡುತ್ತಿತ್ತು. ಪೆಟ್ಟಿಗೆಯೊಳಗೆ, ಫಿಲ್ಟರಿನ ಹತ್ತಿರ ಕೈಯಿಟ್ಟರೆ ಹೊರಗಿನ ಗಾಳಿಯಷ್ಟೇ ತಂಪು. ಬಾವ ಎಡಗೈಯಿಟ್ಟು ನೋಡಿದರು. ನಾನು ಅವರ ಬಲಗೈಯನ್ನೂ ತಂದು ಅಲ್ಲಿಟ್ಟೆ. ಗೊತ್ತಾಗುತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಗೊತ್ತಾಯ್ತದೆ ಅಂದರು. ಮೇಷ್ಟ್ರು ಬೆಟ್ಟದ ಕೆಳಗಿನ ಊರು ನೋಡುವವರ ಹಾಗೆ ಆ ಕಡೆ ತಿರುಗಿ ನಿಂತಿದ್ದರು. ಅವರ ಕನ್ನಡಕ ಮಾತ್ರ ಕೈಯಲ್ಲಿತ್ತು.

ಫೆಬ್ರವರಿ 24, ಮಂಗಳವಾರ

ಬನ್ನೂರಿನಿಂದ ರವಿಚಂದ್ರ ಅಂತ ಒಬ್ಬರು ಫೋನ್ ಮಾಡಿದ್ದರು. ಹಾಲಿನ ವ್ಯಾನು ಓಡಿಸುತ್ತಾರಂತೆ, ಮೇಷ್ಟ್ರು ನಂಬರ್ ಕೊಟ್ಟರಂತೆ. ಮಧ್ಯಾಹ್ನದ ಹೊತ್ತು ವ್ಯಾನು ಎಳೆಯುವುದಿಲ್ಲ ಅಂದರು. ಬೆಳಗಿನ ಜಾವ ಎಳೆಯುತ್ತದಾ ಅಂತ ಕೇಳಿದೆ. ಎಳೆಯುತ್ತದೆ ಅಂದರು. ಹಾಗಾದರೆ ಡೀಸೆಲ್ ಪಂಪು ಸರಿಯಿದೆ, ಗಾಳಿಯದೇ ತೊಂದರೆ ಇರಬೇಕು, ಆದರೂ ಮೊದಲು ಫಿಲ್ಟರ್ ಬಿಚ್ಚಿ ನೋಡಬೇಕು, ಶನಿವಾರ ಹನ್ನೊಂದಕ್ಕೆ ತನ್ನಿ ಅಂದೆ. ಬಾವ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಮದುವೆ ಮನೆಯವರು ಇನ್ನೂ ಆರು ಬ್ಲೌಸು ತಂದಿದ್ದರು. ಈ ತಿಂಗಳು ಆಗುವುದಿಲ್ಲ ಅಂತ ಕಳಿಸಿದೆ. ಬೆನ್ನು ನೋವು.

ಫೆಬ್ರವರಿ 28, ಶನಿವಾರ

ಹತ್ತೂವರೆಗೆ ಕಾಂತರಾಜು ಗ್ಯಾರೇಜಿಗೇ ಬಂದರು. ನಾನು ವ್ಯಾನಿಗೆ ಜಾಗ ಮಾಡಲು ನೆಲ ಗುಡಿಸುತ್ತಿದ್ದೆ. ಬಾವ ಸ್ಟೂಲಿನ ಮೇಲಿದ್ದರು. ಕಾಂತರಾಜು ಬಾವನನ್ನು ನೋಡಿ, ಹೇಗಿದ್ದೀಯಪ್ಪ ಅಂದು, ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದರು. ಟೈರಿನವರು ಸೋಮವಾರ ಬರುತ್ತಾರಂತೆ, ಏನು ತೀರ್ಮಾನ ಮಾಡಿದಿರಿ ಅಂದರು. ಇವತ್ತು ಕೊನೆಯ ದಿನ ಅಂತ ನನಗೆ ಗೊತ್ತಿತ್ತು, ಆದರೆ ಬಾವನನ್ನು ಕೇಳಲು ಧೈರ್ಯ ಸಾಲದೆ ಹಾಗೇ ಬಂದಿದ್ದೆ. ಏನೋ ಒಂದು ಹೇಳೋಣ ಅಂತ ಪೊರಕೆ ಕೆಳಗಿಟ್ಟೆ.

ಬಾವ ಎಡಗೈ ಎತ್ತಿ ನನ್ನನ್ನು ತಡೆದರು. ಎದ್ದು ನಿಂತರು. ಕತ್ತಿನ ಟವೆಲು ತೆಗೆದು ಸ್ಟೂಲಿನ ಮೇಲೆ ಹಾಕಿದರು.

"ಬಿಡಲ್ಲ ಸಾ."

ಕಾಂತರಾಜುಗೆ ಸರಿಯಾಗಿ ಕೇಳಿಸಲಿಲ್ಲ. ಏನಂದೆ ಅಂತ ಹತ್ತಿರ ಬಂದರು. ಬಾವನ ಕಿವಿ ಕೆಂಪಾಯಿತು, ಬಾಯಿ ಸೊಟ್ಟಗಾಯಿತು, ಸ್ಟೂಲಿಗೆ ಕೂತುಬಿಡುತ್ತಾರೆ ಅಂದುಕೊಂಡೆ. ಕೂರಲಿಲ್ಲ. ಮತ್ತೆ ಮೊದಲಿಂದ ಹೇಳಿದರು, ಬಿಡಲ್ಲ, ಗ್ಯಾರೇಜು ನಡೀತದೆ ಅಂತ.

ಈ ಕೈಯಲ್ಲಿ ಹೇಗಪ್ಪಾ ಮಾಡ್ತೀಯ ಅಂತ ಅವರು ಮೆಲ್ಲಗೆ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

ಬಾವ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದರು. "ನಾ ಯೋಳ್ತೀನಿ. ಇವ್ಳು ಮಾಡ್ತಾಳೆ. ಇವ್ಳೇ ಸಾ ಮೆಕ್ಯಾನಿಕ್ಕು."

ಕಾಂತರಾಜು ನನ್ನ ಕಡೆ ನೋಡಿದರು. ನಾನೇನು ಹೇಳಲಿ? ನನ್ನನ್ನು ಯಾರಾದರೂ ಒಂದು ಮಾತು ಕೇಳಿದ್ದಾರಾ? ನಾನು ಟೈಲರ್, ಮಷಿನ್ನಿದೆ, ಗಿರಾಕಿಗಳಿದ್ದಾರೆ, ಮೇಷ್ಟ್ರ ಕಾರೊಂದನ್ನು ಮುಗಿಸಿಕೊಡೋಣ ಅಂತ ಕೈ ಹಾಕಿದ್ದು. ಅಷ್ಟನ್ನೂ ಹೇಳಬೇಕು ಅಂತ ಬಾಯಿ ತೆಗೆಯುವಷ್ಟರಲ್ಲಿ ಹೊರಗೆ ಬನ್ನೂರಿನ ವ್ಯಾನು ಹಾರ್ನ್ ಹೊಡೆಯಿತು. "ಬಾಗ್ಲಿಗೆ ಅಡ್ಡ ನಿಂತಿದ್ದೀರಿ ಸಾ, ವಸಿ ಜರುಗಿ, ಗಾಡಿ ಒಳಕ್ಕೆ ಬರ್ಬೇಕು" ಅಂದುಬಿಟ್ಟೆ. ಅವರು ನಕ್ಕು ಪಕ್ಕಕ್ಕೆ ಸರಿದರು. ಟೈರಿನವರಿಗೆ ಬೇರೆ ಜಾಗ ನೋಡುತ್ತೇನೆ ಅಂತ ಹೇಳಿ ಹೋದರು.

ಸಾಯಂಕಾಲ ಮನೆಗೆ ಬಂದು ಚೆನ್ನಾಗಿ ಜಗಳ ಆಡಿದೆ. ನನ್ನನ್ನು ಕೇಳಬೇಕಿತ್ತೋ ಬೇಡವೋ ಅಂದೆ. ಕೇಳಿದ್ದರೆ ಆಗಲ್ಲ ಅಂತಿದ್ದೆ ಅಂದರು. ನಿಜ, ಅಂತಿದ್ದೆ. ಅತ್ತೆ ಇಬ್ಬರಿಗೂ ಕಾಫಿ ಕೊಟ್ಟು, ಜಗಳ ಮುಗಿದ ಮೇಲೆ ಲೋಟ ತೊಳೆದಿಡಿ ಅಂತ ಹೇಳಿ ಪಕ್ಕದ ಮನೆಗೆ ಹೋದರು.

ಈಗ ಬರೆಯುತ್ತಾ ಲೆಕ್ಕ ಹಾಕಿದೆ, ಎಷ್ಟನೇ ದಿನ ಅಂತ. ನೂರರ ಮೇಲೆ ಎಷ್ಟೋ ಆಗಿದೆ, ಎಣಿಸುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಅಷ್ಟು ದಿನದಿಂದ ಹೊರಗಿನವರ ಎದುರು ತುಟಿ ಬಿಚ್ಚದ ಮನುಷ್ಯ ಇವತ್ತು ಬಿಚ್ಚಿದರು, ಅದೂ ನನ್ನ ಬಗ್ಗೆ ಹೇಳಲು. ಸಿಟ್ಟು ಇನ್ನೂ ಇದೆ. ಅದರ ಕೆಳಗೆ ಏನಿದೆಯೋ ಅದನ್ನು ಬರೆಯಲು ನನಗೆ ಬರುವುದಿಲ್ಲ.

ವ್ಯಾನಿನ ಪೆಟ್ಟಿಗೆಗೆ ಪೇಪರ್ ಕಟಿಂಗ್ ಆಗಿದೆ. ನಾಳೆ ಭಾನುವಾರವಾದರೂ ಒಂಬತ್ತಕ್ಕೆ ಬೀಗ ತೆಗೆಯಬೇಕು. ಬಾವ ಆಗಲೇ ಅಂಗಿ ತೆಗೆದಿಟ್ಟುಕೊಂಡಿದ್ದಾರೆ.